ಆರೂವರೆಯ ದೀಪ

"ಚಿಲಕ ತೆಗೆದ ಸದ್ದು ಕೇಳ್ತು ಅಂದ್ರಲ್ಲ, ಅದು ಒಳಗಿನ ಚಿಲಕಾನೋ ಹೊರಗಿಂದೋ?"

"ಅಯ್ಯೋ, ಹಿತ್ತಲ ಬಾಗ್ಲಿಗೆ ಹೊರಗೆ ಎಲ್ಲೈತಪ್ಪಾ ಚಿಲಕ? ಒಳಗಿಂದೇ. ಸರ್ವಮಂಗಳಕ್ಕ ಚಿಲಕ ತೆಗೆದು ಹೊರಗೆ ಬಂದ್ರು. ಬಂದೋರೇ ಕಿಟಾರನೆ ಕಿರುಚಿದ್ರು. ನಾನು ಒಲೆ ಮೇಲಿನ ಪಾತ್ರೆ ಹಂಗೇ ಬಿಟ್ಟು ಓಡಿದೆ."

"ಈ ಮಾತು ಹನ್ನೊಂದು ದಿನದಿಂದ ಯಾಕೆ ಹೇಳಲಿಲ್ರೀ?"

"ಯಾರು ಕೇಳಿದ್ರು?" ಎಂದು ಪಕ್ಕದ ಮನೆಯ ದ್ಯಾಮಮ್ಮ ತಿರುಗಿಸಿ ಕೇಳಿದರು.

ನಿಜ, ಯಾರೂ ಕೇಳಿರಲಿಲ್ಲ. ಹೊನ್ನಾಳಿ ಠಾಣೆಯ ಸಬ್‌ಇನ್ಸ್‌ಪೆಕ್ಟರ್ ಜಯಪ್ಪನಿಗೆ ತನ್ನ ತಲೆಯ ಮೇಲೆ ತಾನೇ ಮೊಟಕಿಕೊಳ್ಳುವಷ್ಟು ಸಿಟ್ಟು ಬಂತು. ಸರ್ವಮಂಗಳಮ್ಮನ ಗಂಡ ಷಣ್ಮುಖಪ್ಪ ಮೇಷ್ಟ್ರು ಹಿತ್ತಲಲ್ಲಿ, ಬಾವಿಯ ಮೋಟಾರು ರಿಪೇರಿಗೆ ಬಿಚ್ಚಿ, ಅದರ ವೈರು ಕೈಯಲ್ಲಿ ಹಿಡಿದು ಕರೆಂಟು ಹೊಡೆದು ಸತ್ತುಬಿದ್ದಿದ್ದರು. ಅವರು ಹೊರಗೆ, ಚಿಲಕ ಒಳಗೆ. ಹಾಗಾದರೆ ಆ ಹೊತ್ತಿನಲ್ಲಿ ಮನೆಯೊಳಗೆ ಇನ್ನೊಬ್ಬರು ಇದ್ದರು. ಇಷ್ಟು ಸಣ್ಣ ವಿಷಯ ಹನ್ನೊಂದು ದಿನ ಕಣ್ಣಿಗೆ ಬೀಳಲಿಲ್ಲವಲ್ಲ!

ಠಾಣೆಯ ಲಾಕಪ್ಪಿನಲ್ಲಿ ವೈರ್‌ಮನ್ ಪಾಪಣ್ಣ ಮಂಡಿಗೆ ತಲೆ ಕೊಟ್ಟು ಕೂತಿದ್ದ. ತ್ಯಾವಣಿಗೆ ಕಡೆಯವನು. ಮೇಷ್ಟ್ರ ಮನೆಗೆ ವೈರು ಎಳೆದವನು ಅವನೇ. ಸಾಯುವುದಕ್ಕೆ ಒಂದು ವಾರ ಮೊದಲು ಮೇಷ್ಟ್ರು ಬೀದಿಯಲ್ಲಿ ನಿಂತು, "ನಿನ್ನ ವೈರಿಂಗಿನಿಂದ ಒಂದಿನ ನಾನು ಸಾಯ್ತೀನಿ ಕಣೋ" ಎಂದು ಬೈದದ್ದನ್ನು ಹತ್ತು ಜನ ಕೇಳಿದ್ದರು. ಆ ಸಿಟ್ಟಿಗೆ ದೀಪದ ಲೈನನ್ನೂ ಮೋಟಾರಿನ ಲೈನನ್ನೂ ಬೇಕಂತಲೇ ಕೂಡಿಸಿದ್ದಾನೆ ಎಂಬುದು ಸರ್ಕಲ್ ಸಾಹೇಬರ ತೀರ್ಮಾನ. ಇವತ್ತು ಮಧ್ಯಾಹ್ನ ಹಿಡಿದದ್ದಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಕೋರ್ಟು, ಅಲ್ಲಿಂದ ಜೈಲು.

ಅವನ ಹೆಂಡತಿ ಅಂಜಮ್ಮ ಠಾಣೆಯ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ತುಂಬಿದ ಬಸುರಿ. ಜಯಪ್ಪ ಜೀಪು ಹತ್ತುವಾಗ, "ಸಾಹೇಬ್ರೇ, ನಮ್ಮೋರಿಗೆ ಇರುವೆ ತುಳಿಯಾಕೂ ಧೈರ್ಯ ಇಲ್ರಿ" ಎಂದಿದ್ದಳು. ಆ ಮಾತು ಅವನ ಕಿವಿ ಬಿಟ್ಟಿರಲಿಲ್ಲ.

"ತಡಿಯಪ್ಪಾ, ದೀಪದ ಹೊತ್ತಾತು," ಎಂದು ದ್ಯಾಮಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

ಎದ್ದವರು ನೆಟ್ಟಗೆ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಮೊದಲು ಹಿತ್ತಲ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದರು. ಆಮೇಲೆ ಬಂದು ಮುಂಬಾಗಿಲು ಪೂರ್ತಿ ತೆರೆದರು. ಆಮೇಲೆ ಸ್ವಿಚ್ಚು. ನಲವತ್ತು ಕ್ಯಾಂಡಲಿನ ಬಲ್ಬು ಹತ್ತಿತು. ದ್ಯಾಮಮ್ಮ ಅದಕ್ಕೆ ಕೈಮುಗಿದು, "ಲಕ್ಷ್ಮಿ ಬರೋ ಹೊತ್ತು. ಹಿಂದಿನ ಬಾಗ್ಲು ತೆರೆದಿದ್ರೆ ಬಂದೋಳು ಹಂಗೇ ಹೊರಟೋಗ್ತಾಳೆ," ಎಂದರು.

ಜಯಪ್ಪನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

ಆವತ್ತು ಮೇಷ್ಟ್ರ ಮನೆಯ ಮುಂಬಾಗಿಲು ಹಾರುಹೊಡೆದಿತ್ತು ಎಂದು ಪಂಚನಾಮೆಯಲ್ಲಿ ಅವನೇ ಬರೆದಿದ್ದ. ವೈರು ಕೂಡಿಸಿದವನು ಆ ಕಡೆಯಿಂದ ಓಡಿಹೋದ ಎಂದು ಎಲ್ಲರೂ ನಂಬಿದ್ದರು. ಕೊಲ್ಲಲು ಬಂದವನು ದೀಪದ ಹೊತ್ತಿಗೆ ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲು ತೆರೆಯುತ್ತಾನೆಯೇ? ಅದು ಹೆಣ್ಣುಮಗಳ ಕೈ. ಆ ಮನೆಯಲ್ಲಿ ಮೂವತ್ತು ವರ್ಷ ದೀಪ ಹಚ್ಚಿದ ಕೈ.

ಜಯಪ್ಪ ಲೋಟ ಕೆಳಗಿಟ್ಟ. ಬೇಡವಾಗಿತ್ತು, ಈ ಪ್ರಶ್ನೆ ಕೇಳಲೇಬಾರದಿತ್ತು ಎನಿಸಿತು. ಆದರೆ ಕೇಳಿಯಾಗಿತ್ತು.

*

ಸರ್ವಮಂಗಳಮ್ಮನ ಮನೆಯಲ್ಲಿ ಇನ್ನೂ ಕತ್ತಲೆ. ಮೂಲೆಯಲ್ಲಿ ಹೋದವರ ಹೆಸರಿನಲ್ಲಿ ಇಟ್ಟ ಎಣ್ಣೆಯ ಹಣತೆ ಮಾತ್ರ ಉರಿಯುತ್ತಿತ್ತು.

"ಯಾರು, ಜಯನಾ? ಬಾಪ್ಪಾ. ಉಂಡೇನೋ?"

ಇದೊಂದು ಮಾತು ಆ ತಾಯಿಯ ಬಾಯಿಂದ ತಪ್ಪುತ್ತಿರಲಿಲ್ಲ. ಬಿಳಿಚೋಡಿನಿಂದ ಒಂದು ಚೀಲ ಹಿಡಿದು ಹೊನ್ನಾಳಿಯ ಹಾಸ್ಟೆಲಿಗೆ ಬಂದ ಜಯಪ್ಪನನ್ನು, ಕೇರಿಯ ಹುಡುಗ ಎಂದು ಬೀದಿಯವರು ಮೂಗು ಮುರಿದಾಗಲೂ, ಒಳಗೆ ಕರೆದು ತಮ್ಮ ಪಕ್ಕದಲ್ಲೇ ಕೂರಿಸಿ ಊಟಕ್ಕೆ ಹಾಕಿದ ಮನೆ ಇದು. ಮಕ್ಕಳಿಲ್ಲದ ದಂಪತಿ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು, ಅಮ್ಮ ಅನ್ನ ಹಾಕಿದರು. ಅವನ ಮೈಮೇಲಿನ ಖಾಕಿ ಆ ಅನ್ನದ್ದು. ಅದೇ ಖಾಕಿ ತೊಟ್ಟು ಈಗ ಅವರ ಎದುರು ನಿಂತಿದ್ದ.

"ಅಮ್ಮಾ, ಒಂದು ವಿಷಯ ಕೇಳಾಕೆ ಬಂದೀನಿ."

"ಕೇಳು."

"ಆವತ್ತು ನೀವು ನ್ಯಾಮತಿ ತಂಗಿ ಮನೆಯಿಂದ ಬಂದದ್ದು ಯಾವ ಬಸ್ಸಿಗೆ?"

"ಹೇಳಿದ್ನಲ್ಲಪ್ಪ. ಆರೂಮುಕ್ಕಾಲರ ಬಸ್ಸಿಗೆ."

"ದೀಪ ಹತ್ತಿದ್ದು ಆರೂವರೆಗೆ."

"ಅದು ಕಂಪ್ಯೂಟರ್ ಹಚ್ಚಿದ್ದು. ಇಡೀ ಬೀದಿಗೇ ಗೊತ್ತೈತೆ."

ಗೊತ್ತಿರದೆ ಏನು! ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಹಿಡಿದ ಹುಚ್ಚು ಅದು. ಮುಂಬಯಿಯಲ್ಲಿದ್ದ ಅವರ ಷಡ್ಡಕ ತಂದುಕೊಟ್ಟ ಮನೆ ಕಂಪ್ಯೂಟರು ನೋಡಲು ಕರಿ ಪೆಟ್ಟಿಗೆ, ಮೇಲೆ ಟೈಪ್‌ರೈಟರಿನಂಥ ಕೀಲಿಗಳು. ಅದರಿಂದ ಒಂದು ವೈರು ಟಿವಿಗೆ, ಒಂದು ಟೇಪ್ ರೆಕಾರ್ಡರಿಗೆ, ಇನ್ನೊಂದು ಗೋಡೆಯ ಮೇಲಿನ ಮರದ ಪೆಟ್ಟಿಗೆಗೆ. ಕೀಲಿ ಒತ್ತಿದರೆ ಮರದ ಪೆಟ್ಟಿಗೆಯೊಳಗೆ ಟಕ್ ಎನ್ನುತ್ತಿತ್ತು. ದೀಪ ಹತ್ತುತ್ತಿತ್ತು, ಫ್ಯಾನು ತಿರುಗುತ್ತಿತ್ತು, ರೇಡಿಯೋ ಹಾಡುತ್ತಿತ್ತು, ಬಾವಿಯ ಮೋಟಾರು ನೀರೆತ್ತುತ್ತಿತ್ತು. ಸರ್ವಮಂಗಳಮ್ಮನಿಗೆ ಇಂಗ್ಲಿಷ್ ಬಾರದೆಂದು ಕೀಲಿಗಳ ಮೇಲೆ ಗಾಯದ ಪಟ್ಟಿ ಕತ್ತರಿಸಿ ಅಂಟಿಸಿ, ದೀ, ಫ್ಯಾ, ರೇ, ಮೋ ಎಂದು ಮೇಷ್ಟ್ರೇ ಬರೆದುಕೊಟ್ಟಿದ್ದರು. ಗಡಿಯಾರದ ಹೊತ್ತು ಕೊಟ್ಟುಬಿಟ್ಟರೆ ದಿನಾ ಆರೂವರೆಗೆ ದೀಪ ತಾನೇ ಹತ್ತುತ್ತಿತ್ತು. ಬೀದಿಯ ಮಕ್ಕಳು ಬಾಗಿಲಲ್ಲಿ ನಿಂತು ಹೋ ಎನ್ನುತ್ತಿದ್ದವು.

"ಆವತ್ತು ಮೂರರಿಂದ ಐದರವರೆಗೆ ಊರಿಗೇ ಕರೆಂಟ್ ಇರಲಿಲ್ಲಮ್ಮಾ. ಕರೆಂಟ್ ಆಫೀಸಿನ ಪುಸ್ತಕ ನೋಡಿದೀನಿ."

ಸರ್ವಮಂಗಳಮ್ಮ ಹಣತೆಯ ಬತ್ತಿ ಸರಿಮಾಡಿದರು.

"ಕರೆಂಟ್ ಹೋದ್ರೆ ಈ ಪೆಟ್ಟಿಗೆಗೆ ಎಲ್ಲಾ ಮರೆತುಹೋಗ್ತದೆ. ಮತ್ತೆ ಟೇಪ್ ಹಾಕಿ ಕಲಿಸಬೇಕು. ಮೇಷ್ಟ್ರೇ ನನಗೆ ತೋರಿಸಿದ್ರು. ಐದರ ಮೇಲೆ ಯಾರೋ ಇಲ್ಲಿ ಕೂತು ಟೇಪ್ ಹಾಕಿದಾರೆ. ಮೇಷ್ಟ್ರು ಹೊರಗಿದ್ದಾಗಲೇ ಒಳಗಿಂದ ಹಿತ್ತಲ ಬಾಗ್ಲು ಹಾಕಿದಾರೆ. ಮುಂಬಾಗ್ಲು ತೆಗೆದಿದಾರೆ. ದೀಪ ಹಚ್ಚಿದಾರೆ. ಅಮ್ಮಾ, ಪಾಪಣ್ಣನ್ನ ನಾಳೆ ಜೈಲಿಗೆ ಕಳಿಸ್ತಾರೆ. ಅಂಜಮ್ಮ ಮಧ್ಯಾಹ್ನದಿಂದ ಠಾಣೆ ಜಗಲಿ ಮೇಲೆ ಕುಂತಾಳೆ."

ಸರ್ವಮಂಗಳಮ್ಮ ಒಂದೇ ಮಾತು ಕೇಳಿದರು: "ದಿನ ತುಂಬೈತಂತೆ, ಹೌದೇನಪ್ಪಾ?"

"ಹೌದಮ್ಮಾ."

"ಹಂಗಾದ್ರೆ ಕೂತ್ಕೋ. ಟೇಪ್ ಹಾಕ್ತೀನಿ. ನಿನ್ನ ಕಣ್ಣಾರೆ ನೋಡು."

*

ವೈರು ಪರೀಕ್ಷಿಸಲೆಂದು ಜಯಪ್ಪ ಠಾಣೆಯಿಂದ ಹೊರಡುವಾಗಲೇ ಪಾಪಣ್ಣನ ಚೀಲದಿಂದ ಒಂದು ಬಲ್ಬು ತಂದಿದ್ದ. ಮೇನ್ ತೆಗೆದು, ಹಿತ್ತಲಿಗೆ ಹೋಗಿ, ಮೇಷ್ಟ್ರು ಹಿಡಿದಿದ್ದ ಅದೇ ವೈರಿನ ತುದಿಗಳಿಗೆ ಆ ಬಲ್ಬು ಕಟ್ಟಿ ಬಂದ. ಮೇನ್ ತೆಗೆಯದೆ ಮೋಟಾರು ಮುಟ್ಟಬೇಡಿ ಎಂದು ಪಾಪಣ್ಣ ನೂರು ಸಲ ಹೇಳಿದ್ದನಂತೆ. ಮೋ ಕೀಲಿ ಒತ್ತದೆ ಆ ಲೈನಿಗೆ ಕರೆಂಟು ಬರುವುದೇ ಇಲ್ಲ ಎಂದು ಮೇಷ್ಟ್ರು ನಗುತ್ತಿದ್ದರಂತೆ. ತಾವೇ ಕಲಿಸಿದ ಪೆಟ್ಟಿಗೆಯ ಮೇಲೆ ಅಷ್ಟು ನಂಬಿಕೆ ಆ ಪುಣ್ಯಾತ್ಮರಿಗೆ.

ಮೇನ್ ಹಾಕಿದ. ಟಿವಿಯ ಪರದೆ ಬೆಳಗಾಯಿತು. ಸರ್ವಮಂಗಳಮ್ಮ ಟೇಪ್ ರೆಕಾರ್ಡರಿನ ಮುಂದೆ ಕೂತು, ಒಂದೊಂದೇ ಬೆರಳಿನಿಂದ ಗಂಡ ಕಲಿಸಿದಂತೆ ಒತ್ತಿ, ಪ್ಲೇ ಗುಂಡಿ ಅದುಮಿದರು. ಕೀಂಯ್ ಎಂದು ಕಿವಿ ಹರಿಯುವ ಸದ್ದು ಶುರುವಾಯಿತು. ಟೇಪಿನಿಂದ ಪೆಟ್ಟಿಗೆಗೆ ಪಾಠ ಹೋಗುವ ಸದ್ದು ಅದು. ಐದು ನಿಮಿಷ ಹಿಡಿಯುತ್ತದೆ.

ಆ ಸದ್ದಿನ ಮಧ್ಯೆಯೇ ಆಕೆ ಹೇಳತೊಡಗಿದರು.

"ಬಂದಿದ್ದು ಆರು ಗಂಟೆ ಬಸ್ಸಿಗೇ ಕಣಪ್ಪಾ. ತಂಗಿ ಮನ್ಯಾಗೆ ಇನ್ನೊಂದು ದಿನ ಇರಬೇಕಿತ್ತು. ಬೇಗ ಬಂದೆ. ಅವರ ಅಂಗಿ ಗೂಟದಾಗೆ ಇತ್ತು. ಹಿತ್ತಲಾಗೆ ಇದಾರೆ, ಗಿಡಕ್ಕೆ ನೀರು ಹಾಕ್ತಾ ಇರಬೇಕು ಅನ್ಕೊಂಡೆ. ಕೂಗಲಿಲ್ಲ."

"ಯಾಕಮ್ಮಾ ಕೂಗಲಿಲ್ಲ?"

"ಬೆರಗು ಮಾಡಾನ ಅಂತ." ಆಕೆ ನಗಲು ಹೋದರು, ಆಗಲಿಲ್ಲ. "ದೀಪ ಹತ್ತಿದ್ದು ನೋಡಿ ಯಾರು ಹಚ್ಚಿದ್ರಪ್ಪಾ ಅಂತ ಓಡಿ ಬರ್ಲಿ. ಬಂದು ನನ್ನ ನೋಡ್ಲಿ. ಅರವತ್ತರ ಹತ್ರ ಬಂದೋಳಿಗೆ ಆ ಹುಡುಗಾಟ ಬೇಕಿತ್ತಾ ಹೇಳು."

ಜಯಪ್ಪ ತಲೆ ಎತ್ತಲಿಲ್ಲ.

"ಮೆಲ್ಲಗೆ ಹಿತ್ತಲ ಬಾಗ್ಲು ಮುಂದೆ ಮಾಡಿ ಚಿಲಕ ಹಾಕಿದೆ. ಅವರಿಗೆ ಕೇಳದಂಗೆ ಸದ್ದು ಸಣ್ಣಗೆ ಮಾಡಿ ಟೇಪ್ ಹಾಕಿದೆ. ಮುಂಬಾಗ್ಲು ತೆಗೆದೆ. ದೀ ಒತ್ತಿದೆ. ಅದೊಂದೇ ಒತ್ತಿದ್ದು ಜಯಾ, ನಿನ್ನಾಣೆ. ದೀಪ ಹತ್ತಿತು. ಕೈ ಮುಗಿದೆ. ಆವಾಗ ಹಿತ್ತಲಿಂದ ಕೂಗಿದ್ರು."

"ಏನಂತ?"

"ಮಂಗಳಾ ಅಂತ. ಒಂದೇ ಸಲ."

ಟೇಪು ಕಿರುಚುತ್ತಲೇ ಇತ್ತು.

"ನಾನು ಬಂದಿದ್ದು ಅವರಿಗೆ ಗೊತ್ತೇ ಇರಲಿಲ್ಲ ಕಣೋ. ಆದ್ರೂ ನನ್ನೇ ಕೂಗಿದ್ರು. ನಾನು ಏನಂದೆ ಗೊತ್ತಾ? ಬಂದೆ ತಡೀರಿ, ದೀಪ ಹಚ್ಚೀನಿ, ಈಗಲೇ ಹಿತ್ತಲ ಬಾಗ್ಲು ತೆಗೆಯಂಗಿಲ್ಲ ಅಂದೆ. ನಗ್ತಾ ಅಂದೆ! ಸಿಕ್ಕಿಬಿದ್ದೆ ಅಂತ ನಗು ಬಂತು. ಇಪ್ಪತ್ತು ನಿಮಿಷ ಬಿಟ್ಟು ಚಿಲಕ ತೆಗೆದೆ."

ಸರ್ವಮಂಗಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಜಯಪ್ಪ ಹತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಹೆಣ ನೋಡಿದ್ದ, ಎಷ್ಟೋ ಅಳು ಕೇಳಿದ್ದ. ಇಂಥದ್ದು ಕೇಳಿರಲಿಲ್ಲ. ಟೋಪಿ ತೆಗೆದು ಪಕ್ಕಕ್ಕಿಟ್ಟು ಅವನೂ ಅತ್ತುಬಿಟ್ಟ. ನೌಕರಿ ಗೀಕರಿ ಎಲ್ಲ ಆ ಗಳಿಗೆಯಲ್ಲಿ ಹಾಳಾಗಿ ಹೋಗಲಿ ಎನಿಸಿತ್ತು ಅವನಿಗೆ.

ಸದ್ದು ನಿಂತಿತು. ಟಿವಿಯಲ್ಲಿ ನಾಲ್ಕು ಸಾಲು ಅಕ್ಷರ ಮೂಡಿದವು.

"ಒತ್ತು," ಎಂದರು ಸರ್ವಮಂಗಳಮ್ಮ. "ನನ್ನ ಕೈಲಿ ಆಗಾಕಿಲ್ಲ."

ಜಯಪ್ಪ ದೀ ಒತ್ತಿದ.

ಮರದ ಪೆಟ್ಟಿಗೆಯಲ್ಲಿ ಟಕ್ ಎಂದಿತು. ತಲೆಯ ಮೇಲೆ ದೀಪ ಹತ್ತಿತು. ಇನ್ನೊಮ್ಮೆ ಟಕ್ ಎಂದಿತು. ಕಿಟಕಿಯಾಚೆ, ಹಿತ್ತಲಿನ ಕತ್ತಲಲ್ಲಿ, ಮೋಟಾರಿನ ವೈರಿಗೆ ಕಟ್ಟಿದ ಬಲ್ಬೂ ಹತ್ತಿಕೊಂಡಿತು.

ಎರಡು ಸಲ ಟಕ್ ಎಂದಿತು! ಅಲ್ಲಿಗೆ ವೈರಿನ ತಪ್ಪಲ್ಲ. ದೀಪದ ಲೈನು, ಮೋಟಾರಿನ ಲೈನು ಬೇರೆ ಬೇರೆಯೇ ಇದ್ದವು; ಕೂಡಿಸಿದ್ದರೆ ಒಂದೇ ಟಕ್ಕಿಗೆ ಎರಡೂ ಹತ್ತುತ್ತಿದ್ದವು. ಪಾಪಣ್ಣನ ವೈರಿಂಗು ಸರಿಯಾಗಿಯೇ ಇತ್ತು. ದೀ ಒತ್ತಿದರೆ ಎರಡನ್ನೂ ಹಾಕು ಎಂದು ಪೆಟ್ಟಿಗೆಗೆ ಹೇಳಿಕೊಟ್ಟದ್ದು ಈ ಟೇಪು.

"ಪಾಪಣ್ಣ ಬಚಾವಾದ," ಎಂದ ಜಯಪ್ಪ. ಹೇಳಿದ ಮೇಲೆ ಅಮ್ಮನ ಮುಖ ನೋಡಲು ಧೈರ್ಯ ಬರಲಿಲ್ಲ. "ಅಮ್ಮಾ, ನೀವು ಏನೂ ಮಾಡಿಲ್ಲ. ನಿಮ್ಮ ಕೈಲಿ ಮಾಡಿಸಿದಾರೆ. ಮೇಷ್ಟ್ರೇ ಮರೆತು ಹಿಂಗೆ ಬರೆದಿದ್ರೋ ಏನೋ?"

"ಅದು ಅವರ ಟೇಪಲ್ಲ."

"ಹೆಂಗೆ ಹೇಳ್ತೀರಿ?"

"ಅವರ ಟೇಪಿನಾಗೆ ಮೊದ್ಲು ಅವರ ದನಿ ಇರ್ತದೆ. ಇವತ್ತು ಇಂಥ ದಿನ, ಇದು ದೀಪದ ಪಾಠ, ಮಂಗಳಾ ಸರಿಯಾಗಿ ಕೇಳಿಸ್ಕೋ ಅಂತ ಹೇಳಿ ಆಮೇಲೆ ಶುರು ಮಾಡ್ತಿದ್ರು. ಇದ್ರಾಗೆ ದನಿ ಇಲ್ಲ. ಆವತ್ತೂ ಇರಲಿಲ್ಲ."

"ಮತ್ತೆ ಇದು ಎಲ್ಲಿಂದ ಬಂತು?"

ಸರ್ವಮಂಗಳಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಅಮ್ಮಾ."

"ಪಾಪಣ್ಣನ ಮೇಲೆ ಏನೂ ಇಲ್ಲ ಅಂತ ಆತಲ್ಲಪ್ಪ. ಇಷ್ಟಕ್ಕೇ ಬಿಡು. ಮುದುಕಿ ಗೊತ್ತಿಲ್ದೇ ಏನೋ ಒತ್ತಿದ್ಲು ಅಂತ ಬರಕೋ. ನನ್ನ ಹೆಸರು ಹಾಕು. ಸೈನು ಮಾಡ್ತೀನಿ."

"ಬರೀ ಆ ಮಾತಿಗೆ ಸಾಹೇಬರು ಪಾಪಣ್ಣನ್ನ ಬಿಡಾಕಿಲ್ಲಮ್ಮಾ. ವೈರಿಂದೇ ತಪ್ಪು ಅಂತ ಹಠ ಹಿಡಿದು ಕುಂತಾರೆ. ಟೇಪ್ ಎಲ್ಲಿಂದ ಬಂತು ಅಂತ ಹೇಳಿದ್ರೆ ಮಾತ್ರ ಅವನು ಉಳೀತಾನೆ. ಯಾರು ಕೊಟ್ರು?"

"ಬೇಡ ಕಣೋ ಜಯಾ."

"ಯಾರಮ್ಮಾ?"

"ನ್ಯಾಮತಿ ಬಸ್ ಸ್ಟ್ಯಾಂಡಿನಾಗೆ," ಆಕೆ ನೆಲ ನೋಡುತ್ತ ಹೇಳಿದರು. "ನನ್ನ ಕೈಗೆ ಕೊಟ್ಟು, ಅಮ್ಮಾ ಇದು ಹೊಸಾ ಟೇಪು, ಇವತ್ತೇ ಹೊರಡ್ರಿ, ದೀಪ ಇದ್ರಾಗೇ ಹಾಕ್ರಿ, ಮೇಷ್ಟ್ರಿಗೆ ಮೊದ್ಲೇ ಹೇಳಬ್ಯಾಡ್ರಿ, ದೀಪ ನೋಡಿ ಅವರೇ ಬೆರಗಾಗ್ಲಿ ಅಂತ ಹೇಳಿ, ತಾನೇ ಬಸ್ಸು ಹತ್ತಿಸಿ ಹೋದ್ಲು."

"ಹೋದ್ಲು?"

ಸರ್ವಮಂಗಳಮ್ಮ ತಲೆ ಎತ್ತಿದರು. ಕಣ್ಣಲ್ಲಿ ನೀರು ಬತ್ತಿಹೋಗಿತ್ತು.

"ನಿನ್ನ ಮನೆಯಾಕೆ ಕಣಪ್ಪಾ. ನಿರ್ಮಲ."

ಜಯಪ್ಪನಿಗೆ ಮೊದಲು ಆ ಹೆಸರೇ ತಲೆಗೆ ಹೋಗಲಿಲ್ಲ. ಊರಲ್ಲಿ ಎಷ್ಟು ನಿರ್ಮಲೆಯರಿಲ್ಲ ಎಂದುಕೊಂಡ. ಆಮೇಲೆ ನ್ಯಾಮತಿಯ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ, ದಿನಾ ಹೊನ್ನಾಳಿಯಿಂದ ಬಸ್ಸಿನಲ್ಲಿ ಹೋಗಿಬರುವ, ಬೆಳಿಗ್ಗೆ ತನಗೆ ರೊಟ್ಟಿ ಬಡಿದುಕೊಟ್ಟು ಹೋದ ನಿರ್ಮಲ ಕಣ್ಣ ಮುಂದೆ ಬಂದಳು. ಭಾನುವಾರ ಭಾನುವಾರ ಮೇಷ್ಟ್ರ ಹತ್ತಿರ ಕಂಪ್ಯೂಟರ್ ಕಲಿಯಲು ಬರುತ್ತಿದ್ದಳು. ಕಳಿಸಿದವನು ತಾನೇ. ನಿನ್ನ ಹೆಂಡ್ತಿ ತಲೆ ನನಗಿಂತ ಚುರುಕು ಕಣೋ ಎಂದು ಮೇಷ್ಟ್ರು ಹೊಗಳಿದಾಗ ಮೀಸೆ ತಿರುವಿಕೊಂಡವನೂ ತಾನೇ.

"ಸುಳ್ಳು," ಎಂದ.

"ಸುಳ್ಳಾಗ್ಲಿ ಅಂತ ಹನ್ನೊಂದು ದಿನದಿಂದ ದೇವರಿಗೆ ಕೈಮುಗೀತಾ ಇದೀನಿ."

"ಅವಳಿಗೆ ಮೇಷ್ಟ್ರು ಅಂದ್ರೆ ಅಪ್ಪ ಇದ್ದಂಗೆ ಅಮ್ಮಾ!"

"ನನಗೂ ಆಕಿ ಸೊಸೆ ಇದ್ದಂಗೇ. ಬೇಕಂತ ಮಾಡಿದ್ಲೋ, ನನಗೆ ಒಂದು ಗುಂಡಿ ಕಮ್ಮಿ ಆಗ್ಲಿ ಅಂತ ಒಳ್ಳೇದಕ್ಕೆ ಮಾಡಿದ್ಲೋ, ನನಗೆ ತಿಳಿಯಾಕಿಲ್ಲ. ಆದ್ರೆ ಒಳ್ಳೇದಕ್ಕೆ ಮಾಡಿದೋಳು ಹೆಣದ ಮುಂದೆ ಕೂತು ಅಳುವಾಗ ನನ್ನ ಕಿವಿಯಾಗೆ ಹಂಗೆ ಯಾಕೆ ಹೇಳ್ತಾಳಪ್ಪಾ?"

"ಏನು ಹೇಳಿದ್ಲು?"

"ಟೇಪಿನ ಮಾತು ಯಾರಿಗೂ ಹೇಳಬ್ಯಾಡ್ರಿ ಅಂದ್ಲು. ಅವರಿಗಂತೂ ಹೇಳಲೇಬ್ಯಾಡ್ರಿ ಅಂದ್ಲು." ಅವರು ಎಂದರೆ ಯಾರೆಂದು ಇಬ್ಬರಿಗೂ ಗೊತ್ತಿತ್ತು. "ಅದಕ್ಕೇ ಬಸ್ಸಿನ ಹೊತ್ತು ಸುಳ್ಳು ಹೇಳಿದೆ. ನನ್ನ ಮನೆ ಮುಳುಗಿದ್ದು ಮುಳುಗಿತು, ನಿನ್ನ ಮನೆಯಾದ್ರೂ ಉಳೀಲಿ ಅಂತ. ಪಾಪಣ್ಣನ್ನ ಹಿಡೀತೀರಿ ಅಂತ ನನಗೇನು ಗೊತ್ತಿತ್ತು? ಮಧ್ಯಾಹ್ನ ಸುದ್ದಿ ಬಂದಾಗಿಂದ ಗುಟುಕು ನೀರು ಇಳಿದಿಲ್ಲ."

ಅಮ್ಮನನ್ನು ಉಳಿಸುವುದು ಹೇಗೆ ಎಂದು ದ್ಯಾಮಮ್ಮನ ಮನೆಯಿಂದ ಇಲ್ಲಿಯವರೆಗೆ ಲೆಕ್ಕ ಹಾಕುತ್ತ ಬಂದಿದ್ದ ಜಯಪ್ಪ. ಹನ್ನೊಂದು ದಿನದಿಂದ ಅಮ್ಮ ಅವನನ್ನು ಉಳಿಸುತ್ತ ಕೂತಿದ್ದರು. ಗಂಡನನ್ನು ಕಳೆದುಕೊಂಡ ದುಃಖದ ಮೇಲೆ ಇದೊಂದನ್ನೂ ಹೊತ್ತುಕೊಂಡು!

ಅವನು ತನ್ನ ಚೀಲದಿಂದ ಹೇಳಿಕೆ ಬರೆಯುವ ಹಾಳೆ ತೆಗೆದ. ತೆಗೆದು ಸುಮ್ಮನೆ ಹಿಡಿದುಕೊಂಡ. ಈ ಹಾಳೆಯನ್ನು ಹರಿದು ಒಲೆಗೆ ಹಾಕಿದರೆ ಕೇಳುವವರಿಲ್ಲ. ಟೇಪಿನ ಮೇಲೆ ಒಂದು ಹಾಡು ತುಂಬಿಸಿಬಿಟ್ಟರೆ ಮುಗಿಯಿತು. ಅಮ್ಮ ಬಾಯಿ ಬಿಡುವುದಿಲ್ಲ. ನಾಳೆ ಹತ್ತಕ್ಕೆ ಪಾಪಣ್ಣ ಕೈಕೋಳ ಹಾಕಿಸಿಕೊಂಡು ಜೀಪು ಹತ್ತುತ್ತಾನೆ, ಅವನ ಮಗು ಅಪ್ಪನ ಮುಖ ಕಾಣದೆ ಹುಟ್ಟುತ್ತದೆ, ನಿರ್ಮಲ ಸಂಜೆಗೆ ರೊಟ್ಟಿ ಬಡಿದುಕೊಡುತ್ತಾಳೆ.

"ಹೆಂಗೆ ತಿಂತೀನಮ್ಮಾ?" ಎಂದು ಜೋರಾಗಿಯೇ ಕೇಳಿದ.

ಅಮ್ಮನಿಗೆ ಏನೆಂದು ಅರ್ಥವಾಗಲಿಲ್ಲ. ಆದರೂ ಅವನ ತಲೆಯ ಮೇಲೆ ಕೈಯಿಟ್ಟರು.

ಜಯಪ್ಪ ಗೋಡೆಗೆ ಒರಗಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದ. ತಾರೀಖು, ಜಾಗ, ಹೇಳಿಕೆ ಕೊಟ್ಟವರ ಹೆಸರು, ಸರ್ವಮಂಗಳಮ್ಮ ಕೋಂ ಷಣ್ಮುಖಪ್ಪ. ಬಸ್ಸಿನ ಹೊತ್ತು, ಚಿಲಕ, ದೀಪ, ಒಂದೇ ಸಲದ ಕೂಗು, ಎಲ್ಲವನ್ನೂ ಆಕೆ ಹೇಳಿದಂತೆ ಬರೆದ. ಕೈ ಎಲ್ಲೂ ನಿಲ್ಲಲಿಲ್ಲ. ಕೊನೆಯ ಸಾಲಿಗೆ ಬಂದ. ಟೇಪನ್ನು ಕೊಟ್ಟವರು.

ಮದುವೆಯಾದ ಹೆಣ್ಣಿನ ಹೆಸರು ಬರೆದರೆ ಮುಂದೆ ಕೋಂ ಹಾಕಿ ಗಂಡನ ಹೆಸರು ಬರೆಯಬೇಕು. ಠಾಣೆಯ ಕಾಗದದ ಕ್ರಮ ಅದು. ಹತ್ತು ವರ್ಷದಲ್ಲಿ ಸಾವಿರ ಸಲ ಬರೆದಿದ್ದಾನು, ಒಮ್ಮೆಯೂ ಯೋಚಿಸಿರಲಿಲ್ಲ.

ನಿರ್ಮಲಮ್ಮ ಕೋಂ ಎಂದು ಬರೆದ.

ಮುಂದೆ ತನ್ನ ಹೆಸರು ಬರೆದ.